ಹತ್ತು ಹೆಣ್ಣು ಹುಳು

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗಿನಿಂದ ಸ್ನಾನದ ಬಕೆಟ್ಟು ಶಂಖದ ಹುಳುಗಳ ಸ್ವಾಧೀನದಲ್ಲಿದ್ದು, ಮನೆಯ ಯಜಮಾನನೂ ಸೇರಿದಂತೆ ಯಾರೂ ಅದನ್ನು ಮುಟ್ಟತಕ್ಕದ್ದಲ್ಲ. ಹೀಗೆ ಘೋಷಿಸಿದ ಶಂಖದಕ್ಕ, ಟವೆಲ್ಲು ಹೊತ್ತು ನಿಂತಿದ್ದ ಗಂಡನನ್ನು ಪಕ್ಕಕ್ಕೆ ಸರಿಸಿ, ಮತ್ತೊಮ್ಮೆ ಹುಳುಗಳಿಗೆ ಕಡಲ ನೀರು ಬದಲಿಸಿದಳು.

"ನನಗೂ ಎರಡು ಚೊಂಬು ಹುಯ್ಯೇ. ನಾನೂ ಜೀವ ಇರೋನೇ," ಎಂದ ದರ್ಜಿ ಗಂಡ.

"ನೀವು ಮೊಟ್ಟೆ ಇಡ್ತೀರಾ?"

"ಅವೂ ಇಡ್ತಿಲ್ವಲ್ಲೇ."

ಅದು ನಿಜವೇ. ಹೋಟೆಲುಗಳಿಗೆ ಮಾರಲು ಅವಳು ಹುಳು ಆರಿಸುತ್ತಿದ್ದ ಕಡಲ ಬಂಡೆಗಳ ಮೇಲೆ ಮೊಟ್ಟೆಯ ಗೊಂಚಲು ಕಂಡು ಎಷ್ಟೋ ಕಾಲವಾಗಿತ್ತು. ಇರುವ ಮುದಿ ಹುಳುಗಳು ಮುಗಿದರೆ ಅವಳ ಕಸುಬೂ ಮುಗಿದಂತೆ. ಹೋದ ವಾರ ಬಂದರಿನ ಅಧಿಕಾರಿ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಹುಳು ಒಡೆದು ತೋರಿಸಿದ್ದ. ದೋಣಿಗಳ ತಳಕ್ಕೆ ಬಳಿಯುವ ಬಣ್ಣದ ವಿಷ ನೀರಿಗಿಳಿದು ಹೆಣ್ಣು ಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿದೆ. ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗಿದೆ. ಹೀಗೆ ಕೆಟ್ಟ ಹತ್ತು ಹೆಣ್ಣುಗಳನ್ನು ಕಚೇರಿಗೆ ತಂದು ದೂರು ಕೊಟ್ಟರೆ ಆ ಬಣ್ಣ ನಿಲ್ಲಿಸಬಹುದು ಎಂದಿದ್ದ.

"ನನ್ನ ಹೆಂಡತಿ ಹತ್ತು ಕೆಟ್ಟ ಹೆಣ್ಣು ಕರ್ಕೊಂಡು ಕಚೇರಿಗೆ ಹೋಗಿದ್ದಾಳೆ ಅಂತ ಅಂಗಡೀಲಿ ಹೇಗೆ ಹೇಳಲಿ?" ಗಂಡ ಬಾಗಿಲವರೆಗೂ ಗೊಣಗುತ್ತಲೇ ಬಂದ.

ಬಸ್ಸಿನಲ್ಲಿ ಸೀಟಿದ್ದರೂ ಅವಳು ಹುಳುಗಳ ಬಕೆಟ್ಟು ಹಿಡಿದು ನಿಂತೇ ಹೋದಳು. ಕಚೇರಿಯಲ್ಲಿ ಅಧಿಕಾರಿ ಒಂದೊಂದೇ ಚಿಪ್ಪು ಒಡೆದು ಭೂತಗನ್ನಡಿ ಹಿಡಿಯುತ್ತಿದ್ದರೆ, ಕೂತಳು, ಎದ್ದಳು, ಕಿಟಕಿಗೆ ಹೋಗಿ ಬಂದಳು.

"ಹತ್ತಕ್ಕೆ ಹತ್ತೂ ಕೆಟ್ಟಿವೆ," ಎಂದ.

"ಹಾಗಾದ್ರೆ ದೂರು ತಗೊಳ್ಳಿ ಸಾರ್."

"ತಗೊಳ್ಳೋಕೆ ಬರಲ್ಲಮ್ಮ. ಹತ್ತೂ ಹೆಣ್ಣೇ ಇರಬೇಕು ಅಂತ ನಿಯಮ. ಗಂಡಿನ ಅಂಗ ಕಂಡ್ರೆ ಗಂಡು ಅಂತ ಬರೀಬೇಕು. ಅದೂ ನಿಯಮ. ನಿನ್ನೆ ಮೇಲಿನವರನ್ನ ಕೇಳಿ ನೋಡಿದೆ, ಬಗ್ಗಲಿಲ್ಲ."

"ಆ ಅಂಗ ಬಂದಿದೆ ಅನ್ನೋದೇ ದೂರಲ್ವಾ? ನೀವೇ ಹೇಳಿದ್ರಿ."

"ಬಂಡೆ ಮೇಲೆ ಹೇಳಿದ್ದು ನಾನು. ಈ ಕುರ್ಚೀಲಿ ಕೂತ ಮೇಲೆ ನಾನು ನಾನಲ್ಲ." ಅವನ ದನಿ ಇಳಿಯಿತು. "ಅಂಗ ಬರದ ಹೆಣ್ಣು ಹತ್ತು ತನ್ನಿ, ಈಗ್ಲೇ ತಗೋತೀನಿ."

"ಅಂಗ ಬರದಿದ್ರೆ ಅದರಲ್ಲೇನು ಕೆಟ್ಟಿರುತ್ತೆ ಸಾರ್?"

ಅಧಿಕಾರಿ ಭೂತಗನ್ನಡಿಯನ್ನು ಅಂಗಿಯ ಅಂಚಿನಿಂದ ಒರೆಸಿದ, ಬಹಳ ಹೊತ್ತು ಒರೆಸಿದ. ಗಾಜಿನ ತಟ್ಟೆಯಲ್ಲಿ ಕೊನೆಯ ಹುಳು, ಇಲ್ಲದ ಚಿಪ್ಪಿನೊಳಕ್ಕೆ ಮೆಲ್ಲಗೆ ತನ್ನನ್ನು ಎಳೆದುಕೊಳ್ಳುತ್ತಿತ್ತು.