ಪ್ರೀಸ್ ಮನೆಯ ಕುರುಡು ಕಿಟಕಿ

ನಮ್ಮ ಪ್ರೀಸ್ ಮನೆತನದ ಹಳೆಯ ಮನೆಯ ಮುಂಗೋಡೆಯಲ್ಲಿ, ಮೇಲಿನ ಅಂತಸ್ತಿನಲ್ಲಿ ಐದು ಕಿಟಕಿಗಳು ಕಾಣುತ್ತವೆ. ಎಡತುದಿಯದು ನಿಜವಾದ ಕಿಟಕಿಯಲ್ಲ. ಒಳಸರಿದ ಇಟ್ಟಿಗೆಯ ಮೇಲೆ ಕಪ್ಪು ಬಳಿದು, ಬಿಳಿ ಪಟ್ಟಿ ಎಳೆದು, ದೂರಕ್ಕೆ ಗಾಜಿನಂತೆ ಕಾಣಿಸಿದ್ದಾರೆ. ಬಣ್ಣ ಮಾಸಿದಾಗ ಮನೆಯವರೇ ಏಣಿ ಹತ್ತಿ ಮತ್ತೆ ಬಳಿಯುವುದು ರೂಢಿ. ಕಳೆದ ಸಲ ಬಳಿದವಳು ನನ್ನಣ್ಣ ಆಂಬ್ರೋಸನ ಮಗಳು ರೋಡಾ. ಕೆಳಗಿನ ಚೌಕದಲ್ಲಿ ಒಂದು ಬೆಕ್ಕನ್ನೂ ಬರೆದಿದ್ದಳು. ಅದೇ ಚಳಿಗಾಲ ಜ್ವರ ಬಂದು ತೀರಿಕೊಂಡಳು, ಇನ್ನೂ ಇಪ್ಪತ್ತಾಗಿರಲಿಲ್ಲ.

ಇನ್ನೂರು ವರ್ಷಕ್ಕೂ ಹಿಂದೆ, ಜಾರ್ಜ್ ದೊರೆಗಳ ಕಾಲದಲ್ಲಿ, ಕಿಟಕಿಗೂ ತೆರಿಗೆ ಇತ್ತು. ಅದನ್ನು ತಪ್ಪಿಸಲು ನಮ್ಮ ಹಿರಿಯನೊಬ್ಬ ಈ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿಸಿದ ಎಂಬುದು ಮನೆಯ ಕಥೆ. ನಮ್ಮ ಶ್ರಾಪ್‌ಷೈರ್ ಸೀಮೆಯಲ್ಲಿ ಇಂಥ ಕಿಟಕಿಯಿರುವ ಮನೆಗಳವರೆಲ್ಲ ಇದೇ ಕಥೆ ಹೇಳಿ ಸರ್ಕಾರವನ್ನು ಬೈಯುತ್ತಾರೆ. ನಾವೂ ಬೈದೇ ಬೆಳೆದವರು.

ಪಾರ್ಶ್ವವಾಯು ಹೊಡೆದ ಮೇಲೆ ಆಂಬ್ರೋಸ್ ಮಲಗಿದ್ದು ಆ ಕುರುಡು ಕಿಟಕಿಯ ಹಿಂದಿನ ಕೋಣೆಯಲ್ಲಿ. ಅವನು ಹುಟ್ಟಿದ್ದೂ ಅಲ್ಲೇ. ಅಲ್ಲಿರುವ ಒಂದೇ ಕಿಟಕಿ ಪಕ್ಕದ ಅಂಗಳಕ್ಕೆ ತೆರೆಯುತ್ತದೆ: ಗೊಬ್ಬರದ ರಾಶಿ, ಟ್ರ್ಯಾಕ್ಟರ್ ಶೆಡ್ಡು. ಅವನು ಜೀವಮಾನವಿಡೀ ಕೊಯ್ದ ಹುಲ್ಲುಗಾವಲು ಮನೆಯ ಮುಂದೆ, ಕೋರ್ವ್ ಹೊಳೆಯವರೆಗೆ ಹರಡಿದೆ. ಈ ಬೇಸಿಗೆಯ ಕೊಯ್ಲನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವನ ಆಸೆ.

ಅವನು ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಮ್ಮ ಕಿಟಕಿ ನಮಗೆ ವಾಪಸ್ ಬೇಕು ಕಣೇ ಎನಿಡ್."

ಸಂರಕ್ಷಿತ ಮನೆಯಾದ್ದರಿಂದ ಗೋಡೆ ಒಡೆಯಲು ಅನುಮತಿ ಬೇಕಿತ್ತು. ಹಳೆಯ ಕಟ್ಟಡಗಳ ಅಧಿಕಾರಿ ಒಂದು ಷರತ್ತು ಹಾಕಿದ್ದರು. ಹಿಂದೆ ಅದು ನಿಜಕ್ಕೂ ಕಿಟಕಿಯಾಗಿದ್ದರೆ ತೆರೆಯಬಹುದು. ಇಲ್ಲವಾದರೆ ಮುಂಗೋಡೆಯನ್ನು ಮುಟ್ಟುವಂತಿಲ್ಲ. ನಾನು ಭೂವಿಜ್ಞಾನ ಓದಿ, ಹಳೆಯ ಗೋಡೆಗಳ ಗಾರೆಯನ್ನು ಪರೀಕ್ಷಿಸುತ್ತಲೇ ನಿವೃತ್ತಳಾದವಳು. ಪರೀಕ್ಷಿಸಿ ನಾನು ಏನು ಹೇಳಿದರೂ ನಂಬುವುದಾಗಿ ಅಧಿಕಾರಿ ಹೇಳಿದರು.

ಊರಿಗೆ ಬಂದು, ಏಣಿ ಹತ್ತಿ ಅಂಚಿನ ಬಣ್ಣ ಕೆರೆದೆ. ಮನೆ ಕಟ್ಟಿ ಎಷ್ಟೋ ಕಾಲದ ನಂತರ ಮುಚ್ಚಿದ ಕಿಟಕಿಯಾದರೆ ಹಳೆಯ ಇಟ್ಟಿಗೆಗೂ ಹೊಸದಕ್ಕೂ ನಡುವೆ ಮೇಲಿಂದ ಕೆಳಗೆ ನೇರವಾದ ಬಿರುಕಿನಂಥ ಗೆರೆ ಇರಬೇಕು. ಇಲ್ಲಿ ಒಂದೊಂದು ಸಾಲೂ ಪಕ್ಕದ ಗೋಡೆಯೊಳಗೆ ಹೆಣೆದುಕೊಂಡು ಹೋಗಿತ್ತು. ಗಾರೆಯೂ ಒಂದೇ, ಅದೇ ಸುಣ್ಣ, ಅದೇ ಹೊಳೆಮರಳು. ಒಳಗೆ ಬಂದು ಗೋಡೆಗೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕೆಳಗಿನ ಹಜಾರದಲ್ಲಿ ಮ್ಯೂರಿಯಲ್ ಅತ್ತಿಗೆ ಒಲೆ ಹೊತ್ತಿಸಿದ್ದಳು. ಅದರ ಹೊಗೆಗೂಡು ಈ ಗೋಡೆಯೊಳಗೇ ಏರುತ್ತಿತ್ತು. ಚಿಕ್ಕವರಿದ್ದಾಗ ನಾನೂ ಆಂಬ್ರೋಸನೂ ಒದ್ದೆ ಕಾಲುಚೀಲಗಳನ್ನು ಒಣಗಿಸಿದ್ದು ಇದೇ ಜಾಗದಲ್ಲಿ. ಆದರೂ ತೆರಿಗೆಯವರನ್ನು ಬೈಯುವುದನ್ನು ನಿಲ್ಲಿಸಿರಲಿಲ್ಲ.

ಕಟ್ಟಿದವನ ಲೆಕ್ಕ ಸರಳ. ಬಲತುದಿಯಲ್ಲಿ ಕಿಟಕಿ ಇತ್ತು. ಎಡತುದಿಯಲ್ಲಿ ಹೊಗೆಗೂಡು ಅಡ್ಡ ಬಂತು. ಮನೆಯ ಮುಖ ಓರೆಯಾಗಿ ಕಾಣಬಾರದೆಂದು ಕಿಟಕಿಯ ಆಕಾರವನ್ನಷ್ಟೇ ಮಾಡಿಟ್ಟ.

ನಡುವಿನ ಮೂರು ಕಿಟಕಿಗಳು ಮೆಟ್ಟಿಲಿಗೂ ಇಕ್ಕಟ್ಟಾದ ಪಡಸಾಲೆಗೂ ಸೇರಿದವು, ಅಲ್ಲಿ ಮಂಚ ಹಿಡಿಯದು. ಬಲತುದಿಯದು ರೋಡಾಳ ಕೋಣೆ. ಅವಳು ಹೋದ ದಿನದಿಂದ ಅದಕ್ಕೆ ಬೀಗ. ಕೀಲಿ ಮ್ಯೂರಿಯಲ್‌ಳ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು.

ಗೋಡೆಯ ವಿಷಯವನ್ನು ಮೊದಲು ಅತ್ತಿಗೆಗೇ ಹೇಳಿದೆ. ರೂಬಾರ್ಬಿನ ಹುಳಿದಂಟು ತುಂಬುವ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕಿಟಕಿ ಇತ್ತು ಅಂತ್ಲೇ ಹೇಳ್ಬಿಡು. ಯಾರಿಗೆ ಗೊತ್ತಾಗತ್ತೆ?"

"ಒಡೆದ್ರೆ ಬೆಳಕು ಬರಲ್ಲ ಅತ್ತಿಗೆ, ಹೊಗೆ ಬರತ್ತೆ."

ಅವಳು ಲಟ್ಟಣಿಗೆಯನ್ನು ಇನ್ನಷ್ಟು ಒತ್ತಿ ಉರುಳಿಸಿದಳು. ರೋಡಾಳ ಕೋಣೆಯ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

ಆಂಬ್ರೋಸ್ ಕೇಳಿ ಅರ್ಧ ಬಾಯಲ್ಲಿ ನಕ್ಕ. ಇಷ್ಟು ತಲೆಮಾರು ಬೈದದ್ದೆಲ್ಲ ದಂಡವಾಯಿತಲ್ಲ ಎಂದ. ಆಮೇಲೆ ಆ ಗೋಡೆಯತ್ತ ಕಣ್ಣು ತಿರುಗಿಸಿದ.

"ಕಿತ್ಕೊಂಡಿದ್ರೆ ಕೇಳ್ಬಹುದಿತ್ತು. ಇಲ್ದೇ ಇದ್ದದ್ದನ್ನ ಯಾರ ಹತ್ರ ಕೇಳೋದು?"

ಅವನೂ ಮಗಳ ಕೋಣೆಯ ಹೆಸರೆತ್ತಲಿಲ್ಲ.

ಅಧಿಕಾರಿಗೆ ಇದ್ದದ್ದನ್ನೇ ಹೇಳಿದೆ. ಅನುಮತಿ ಸಿಗಲಿಲ್ಲ.

ಜೂನ್ ಕೊನೆಯ ಒಂದು ಬೆಳಗ್ಗೆ ಕೊಯ್ಲಿನ ಯಂತ್ರದ ಸದ್ದು ಶುರುವಾಯಿತು. ಆಂಬ್ರೋಸ್ ಕಣ್ಣು ಮುಚ್ಚಿಕೊಂಡು, ಸದ್ದಿನ ಮೇಲೇ ಯಂತ್ರ ಎಲ್ಲಿದೆಯೆಂದು ನನಗೆ ಹೇಳತೊಡಗಿದ: ಈಗ ಹೊಳೆಯ ಬದಿ, ಈಗ ಗೇಟಿನ ಹತ್ತಿರ, ಈಗ ಆ ತಗ್ಗಿನಲ್ಲಿ, ಅಲ್ಲಿ ಹುಲ್ಲು ಯಾವಾಗಲೂ ಒದ್ದೆ. ಮ್ಯೂರಿಯಲ್ ಟೀ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕಪ್ಪನ್ನು ನನ್ನ ಕೈಗೆ ಕೊಟ್ಟು ಪಡಸಾಲೆಯುದ್ದಕ್ಕೆ ನಡೆದುಹೋದಳು. ಕೀಲಿ ತಿರುಗಿದ ಸದ್ದು. ಆಮೇಲೆ ಅಂಟಿಕೊಂಡ ಜಾರು ಕಿಟಕಿಯನ್ನು ಯಾರೋ ಎರಡೂ ಕೈಯಿಂದ ಮೇಲಕ್ಕೆ ನೂಕುವ ಸದ್ದು.

ನಾನು ಹೋಗುವಷ್ಟರಲ್ಲಿ ಅವಳು ಕುರ್ಚಿಯ ಮೇಲಿದ್ದ ರೋಡಾಳ ಕೋಟನ್ನು ಮಡಿಸುತ್ತಿದ್ದಳು.

"ಅವನ ಮಂಚ ಈ ಕಡೆ ತರ್ಸು. ಇವಳದ್ದು ಇರ್ಲಿ, ಗೋಡೆಗೆ ಸರ್ಸಿದ್ರೆ ಆಯ್ತು."

ಕೊಯ್ಲಿನವರನ್ನೇ ಇಬ್ಬರನ್ನು ಕರೆದು ಮಂಚ ಸಾಗಿಸಿದೆವು. ದಿಂಬುಗಳನ್ನು ಏರಿಸಿ ಆಂಬ್ರೋಸನನ್ನು ಕೂರಿಸಿದಾಗ, ಕೊಯ್ದ ಹುಲ್ಲಿನ ವಾಸನೆ ಕೋಣೆ ತುಂಬಿತ್ತು. ಅವನು ಹೊರಗೆ ನೋಡುತ್ತಲೇ ಇದ್ದ. ಮ್ಯೂರಿಯಲ್ ಮಗಳ ಮಂಚದ ಅಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು.

"ಎಲ್ಲಿಗೆ ಬಂದ್ರು?" ಎಂದು ಕೇಳಿದಳು.

ಅವನು ಹೇಳತೊಡಗಿದ. ಅವಳು ಕೊನೆಯವರೆಗೂ ತಿರುಗಿ ನೋಡಲಿಲ್ಲ, ಎದ್ದೂ ಹೋಗಲಿಲ್ಲ.