ಬಾವಿ ಗೋಡೆಯ ಅರಳಿ

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಎದ್ದು ಹೋಗಬಹುದು. ನಿನ್ನೆ ಉಂಡದ್ದು ಮರೆತಿರಬಹುದು; ನರಸೀಪುರದ ಪಾತ್ರೆ ಅಂಗಡಿ ಶಂಭುಲಿಂಗಪ್ಪ ತೀರಿಕೊಂಡ ದಿನ ಮರೆತಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿ. ನಡುವೆ ಬಾಯಿ ಹಾಕಬೇಡಿ.

ಪಕ್ಕದ ಮನೆಯ ಚಾಮುಂಡಮ್ಮ ಹಾಲಿನ ಲೋಟ ಹಿಡಿದು ಬಗ್ಗಿದ್ದಳು. ಕುಂಡದಲ್ಲಿದ್ದ ಮೊಳಕೈಯುದ್ದದ ಅರಳಿ ಮರದ ಬುಡಕ್ಕೆ ಇನ್ನೇನು ಸುರಿಯಬೇಕು, ಶಂಭುಲಿಂಗಪ್ಪನ ಹೆಂಡತಿ ಸರ್ವಮಂಗಳಾ ತಡೆದರು.

“ಹಾಲು ಬ್ಯಾಡ ಕಣವ್ವ.”

“ಅರಳಿ ಮರ ಅಲ್ವೇನವ್ವ? ಯಜಮಾನ್ರ ಎತ್ತೋದ್ರೊಳಗೆ ಒಂದ್ ತೊಟ್ಟು ಬುಟ್ರೆ ಒಳ್ಳೇದು.”

“ನೀನೇ ಕುಡ್ಕೊ ಅದ್ನ.”

ನಡುಮನೆಯಲ್ಲಿ ಶಂಭುಲಿಂಗಪ್ಪನನ್ನು ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಹೆಗಲಿಗೆ ಶಾಲು. ತಮ್ಮನ ಮಗ ಅಮೃತೇಶ್ ಮಹಡಿಯಿಂದ ಆ ಕುಂಡ ಇಳಿಸಿ, ಎದುರಿಗೆ ಸ್ಟೂಲಿನ ಮೇಲಿಟ್ಟು, ಬಂದವರಿಗೆಲ್ಲ ಹೇಳುತ್ತಿದ್ದ.

“ಇಪ್ಪತ್ತು ವರ್ಷದ್ ಮರ ಸಾ. ನಮ್ ದೊಡ್ಡಪ್ಪ ಮಗೂನ್ ಸಾಕ್ದಂಗೆ ಸಾಕವ್ರೆ. ಸಮಾಧಿ ಮ್ಯಾಲೆ ಇದ್ನೇ ನೆಟ್ಬುಡಾವ ಅಂತಿವ್ನಿ.”

ಅವನು ಹೇಳಿದಾಗಲೆಲ್ಲ ಸರ್ವಮಂಗಳಾ ತಲೆ ತಗ್ಗಿಸುತ್ತಿದ್ದರು. ಆ ಮರ ಗಂಡ ಇಪ್ಪತ್ತು ವರ್ಷ ಸಾಕಿದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸುಳ್ಳಿನ ಮರ ಅವನ ನೆತ್ತಿಯ ಮೇಲೆ ಬೇರು ಬಿಡುವುದೇ?

*

ತೊಂಬತ್ತೇಳರಲ್ಲಿ ಶಂಭುಲಿಂಗಪ್ಪ ಮೈಸೂರಿನ ಆಸ್ಪತ್ರೆ ಸೇರಿದ್ದ. ಆಗ ಆ ಕುಂಡದಲ್ಲಿ ಇದ್ದದ್ದು ಅವನೇ ಗಿಡ್ಡಾಗಿ ಸಾಕಿದ್ದ ಅರಳಿ. ಉಳಿಯುವುದು ಕಷ್ಟ ಎಂದಿದ್ದರು. ಹೆಂಡತಿಗೆ ಅವನು ಹೇಳಿ ಹೋದದ್ದು ಒಂದೇ ಮಾತು: “ಮರದ ಮಣ್ಣು ಒಣಗದಂಗೆ ನೋಡ್ಕೊ.”

ಸರ್ವಮಂಗಳಾ ಬರೀ ನೋಡಿಕೊಳ್ಳಲಿಲ್ಲ. ಮನೆಯಲ್ಲೇ ಅರಳಿ ಇರುವಾಗ ಹೊಳೆದಂಡೆಯ ಅರಳಿಕಟ್ಟೆಗೆ ಯಾಕೆ ಹೋಗಬೇಕು? ಆಸ್ಪತ್ರೆಯಿಂದ ಬಂದ ದಿನವೆಲ್ಲ ಕುಂಡಕ್ಕೆ ಅರಿಸಿನ ಕುಂಕುಮ ಇಟ್ಟು, ಹಾಲೆರೆದು, ಅದನ್ನಿಟ್ಟ ಸ್ಟೂಲು ಸುತ್ತಿದರು. ಅಂಗೈಯಷ್ಟು ಮಣ್ಣು, ಅದರಲ್ಲಿ ಎಷ್ಟು ಹಾಲು ಇಂಗೀತು? ಬೇರು ಕೊಳೆತು, ಮನೆಯೆಲ್ಲ ಹುಳಿ ನಾತ. ಗಂಡ ಉಳಿದ. ಮರ ಸತ್ತಿತು.

ಗಾರೆ ಕೆಲಸದ ನಾಗಯ್ಯನ ಮುಂದೆ ಅತ್ತರು. ಅವನು ಬನ್ನೂರಿನ ದಾರಿಯ ಹಾಳು ಬಾವಿಗೆ ಇಳಿದು, ಗೋಡೆಯ ಸಂದಿಯಲ್ಲಿ ಬಹಳ ವರ್ಷದಿಂದ ಗಿಡ್ಡಾಗಿ ಬದುಕಿದ್ದ ಅರಳಿಯೊಂದನ್ನು ಉಳಿಯಿಂದ ಬಿಡಿಸಿ ತಂದ. ಅದೇ ಕುಂಡಕ್ಕೆ ನೆಟ್ಟರು.

ಶಂಭುಲಿಂಗಪ್ಪ ಮನೆಗೆ ಬಂದವನೇ ಮರದ ಮುಂದೆ ಕುಕ್ಕರಗಾಲಲ್ಲಿ ಕೂತ. ತುಂಬಾ ಹೊತ್ತು ನೋಡಿದ. “ಚಿಗುರು ಬಂದದೆ,” ಎಂದ. ಕಾಫಿ ಕೇಳಿದ.

*

ಮಾರನೆಯ ವರ್ಷ ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ಬೋನ್ಸಾಯ್ ಪ್ರದರ್ಶನ. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಹುಣಸೆ, ಆಲ, ಬೇರಿನಿಂದ ಕಲ್ಲನ್ನು ತಬ್ಬಿದ ಬಸರಿ. ಜನ ನಿಂತು ನೋಡುತ್ತಿದ್ದರೆ ಶಂಭುಲಿಂಗಪ್ಪನಿಗೆ ತಡೆಯಲಾಗುತ್ತಿರಲಿಲ್ಲ.

“ಮ್ಯಾಲಿಂದ ನೋಡಿದ್ರೆ ಗಿಡ ಕಣ್ರೀ. ಕೂತ್ಕಂಡು ಕಣ್ಣ ಬುಡದ ಮಟ್ಟಕ್ಕೆ ತನ್ನಿ. ಆಗ ಮರ. ನೆರಳಿಗೆ ಬಂದಂಗಾಯ್ತದೆ.”

ಒಬ್ಬ ಅರಳಿಗೆ ವಯಸ್ಸೆಷ್ಟು ಎಂದು ಕೇಳಿದ. ಸರ್ವಮಂಗಳಾ ಸೆರಗು ಬಿಗಿಹಿಡಿದರು. ಅವರ ಗಂಡ ಅಂಗಡಿಗೆ ಬಂದ ಗಿರಾಕಿಗೆ ‘ಈ ಕೊಳದಪ್ಪಲೆ ಸೋರ್ತದೆ, ತಗಬ್ಯಾಡಿ’ ಎನ್ನುವ ಜಾತಿ; ಸುಳ್ಳು ನಾಲಿಗೆಗೇ ಬರದು.

“ಮೊದ್ಲಿಂದ ನಾನೇ ಸಾಕಿರೋದು,” ಎಂದ. “ಕಾಯಿಲೆ ಬಿದ್ದಾಗ ಮಾತ್ರ ನಮ್ಮನೆಯವ್ರು ಕಾಪಾಡುದ್ರು.”

ಆ ಮಾತು ಅವರನ್ನು ಆರು ವರ್ಷ ಕೊರೆಯಿತು.

*

“ಎಲ್ಲಾ ವಸಿ ಆಚೆಗೋಗಿ,” ಎಂದರು ಸರ್ವಮಂಗಳಾ.

“ದೊಡ್ಡವ್ವ, ಸ್ವಾಮಿಗೋಳು ಕಾಯ್ತಾವ್ರೆ,” ಎಂದ ಅಮೃತೇಶ್.

“ಕಾಯ್ಲಿ.”

ಎಲ್ಲರೂ ಎದ್ದರು; ನಾನು ಮಾತ್ರ ಕಂಬದ ಮರೆಯಲ್ಲೇ ಉಳಿದೆ. ಸರ್ವಮಂಗಳಾ ಗಂಡನ ಕಿವಿಯ ಹತ್ತಿರ ಬಾಯಿ ತಂದರು. “ನಿಮ್ ಮರ ನಾನೇ ಸಾಯ್ಸ್ಬುಟ್ಟೆ ಕಣ್ರೀ. ಇದು ಬಾವೀದು. ತಪ್ಪಾಯ್ತು.”

ಬಾಗಿಲಲ್ಲಿ ಯಾರೋ ಕೆಮ್ಮಿದರು. ನಾಗಯ್ಯ. ಗುಣಿ ಸಿದ್ಧವಾಗಿದೆ ಎಂದು ಹೇಳಲು ಬಂದವನು.

“ಯಜಮಾನ್ರಿಗೆ ಅವತ್ತೇ ಗೊತ್ತಾಯ್ತು ಕಣ್ರವ್ವ.”

“ಏನಂದೆ?”

“ಆಸ್ಪತ್ರೆಯಿಂದ ಬಂದ ವಾರದಲ್ಲೇ ನಮ್ಮನೆಗೆ ಬಂದ್ರು. ‘ಕುಂಡದಲ್ಲಿ ಮೊಸರಿನ ವಾಸ್ನೆ, ಬೇರಲ್ಲಿ ಸುಣ್ಣದ ಗಾರೆ. ಎಲ್ಲಿಂದ ಕಿತ್ತೆ ಹೇಳ್ಲಾ’ ಅಂದ್ರು. ಹೇಳ್ದೆ.”

“ಬೈದ್ರಾ?”

“ನಕ್ರು. ‘ನಾನು ಬದುಕ್ಲಿ ಅಂತ ಹಾಲುಯ್ದು ಸಾಯ್ಸವ್ಳೆ, ಏನಂತ ಬಯ್ಯದು? ಆ ಬಾವಿ ಗ್ವಾಡೇಲಿ ಇನ್ನೊಂದ್ ಗಿಡ ಮಡಗಿರು. ಮತ್ತೆ ನಂಗೆ ಜ್ವರ ಬಂದ್ರೆ ಬೇಕಾಯ್ತದೆ’ ಅಂದ್ರು.”

ಸರ್ವಮಂಗಳಾ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆಂದು ಚಾಮುಂಡಮ್ಮ ಓಡಿ ಬಂದಳು. ಅಳುತ್ತಿರಲಿಲ್ಲ.

“ಕಳ್ಳ,” ಎಂದರು ಗಂಡನಿಗೆ. ಆರು ವರ್ಷದ ಉಸಿರು ಒಟ್ಟಿಗೆ ಹೊರಬಂದಂತಿತ್ತು. ಆಮೇಲೆ ಒಳಗೆ ಬಂದಿದ್ದ ಅಮೃತೇಶನ ಕಡೆ ತಿರುಗಿ, “ಮರ ನೆಡದು ಬ್ಯಾಡ. ಮನೇಲೇ ಇರ್ಲಿ. ನೀರು ನಾನೇ ಆಕ್ತೀನಿ,” ಎಂದರು.

ಶವ ಎತ್ತುವ ಮೊದಲು ಅವರು ಸ್ಟೂಲಿನ ಈಚೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಬುಡದ ಮಟ್ಟಕ್ಕೆ ತಂದರು. ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ. ವಿಭೂತಿ ಹಚ್ಚಿಕೊಂಡ ಶಂಭುಲಿಂಗಪ್ಪ ದೊಡ್ಡ ಅರಳಿ ಮರದ ಕೆಳಗೆ, ಬಿಸಿಲಲ್ಲಿ ನಡೆದು ಬಂದವನಂತೆ, ಆರಾಮಾಗಿ ಕೂತಿದ್ದ.

ಇದನ್ನು ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಅವರನ್ನೂ ಅಷ್ಟು ಕೆಳಗೆ ಕೂರಿಸಿಯೇ ಹೇಳಿ.