ಬೈಸಿಕೊಂಡ ವಹಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ಅದು ೧೯೯೮ರ ಜುಲೈ, ಪುಣೆಯ ಒಂದು ಕನ್ನಡ ಶಾಲೆ’ ಎಂದರೆ ನೀವು ಆಕಳಿಸುತ್ತೀರಿ. ‘ಶಿಕ್ಷಕಿ ನೀರಜಾ ಬಾಯಿಯವರು ಎಂಟನೆಯ ವರ್ಗದ ಅಷ್ಟೂ ಫಾರ್ಮುಗಳನ್ನು ಪರಪರ ಹರಿದು ಬುಟ್ಟಿಗೆ ಹಾಕಿದರು’ ಎಂದರೆ ಸ್ವಲ್ಪ ಜೋರಾಗಿರುತ್ತದೆ. ಆದರೆ ಅವರು ಹರಿಯಲಿಲ್ಲ. ಹಿಂದಿನ ಬದಿ ಖಾಲಿ ಇದೆಯಲ್ಲ ಎಂದು ಎತ್ತಿಟ್ಟುಕೊಂಡರು. ಧಾರವಾಡದಲ್ಲಿ ಬೆಳೆದ ಮಾಸ್ತರರ ಮಗಳು, ಒಂದು ಬದಿ ಖಾಲಿ ಇರುವ ಕಾಗದ ಹರಿಯುವುದು ಅವರಿಂದ ಆಗದ ಮಾತು. ನನ್ನ ಮೊದಲ ವಾಕ್ಯ ಅಲ್ಲೇ ಸತ್ತಿತು.

(ಸಸ್ಪೆನ್ಸ್ ಕಾಯ್ದಿಡುವ ತಾಕತ್ತು ನನಗಿಲ್ಲ. ಈಗಲೇ ಹೇಳಿಬಿಡುತ್ತೇನೆ: ಅನುಸೂಯಾ ಎಂಬ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ, ಈ ಕಥೆಯ ಪ್ರಶ್ನೆ ಅದೊಂದೇ.)

೨

ಫಾರ್ಮಿನಲ್ಲಿ ಒಂದೇ ಪ್ರಶ್ನೆ ಇತ್ತು: ಮುಂದೆ ಏನಾಗಬೇಕೆಂದಿರುವೆ? ನಲವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಡಾಕ್ಟರ್, ಹದಿನೇಳು ಇಂಜಿನಿಯರ್. ಒಬ್ಬಳು ‘ಅಪ್ಪನನ್ನು ಕೇಳಿ ಹೇಳುತ್ತೇನೆ’ ಎಂದು ಬರೆದಿದ್ದಳು. ಇಡೀ ವರ್ಗದಲ್ಲಿ ಖರೆ ಉತ್ತರ ಅದೊಂದೇ ಎಂದು ನೀರಜಾ ಬಾಯಿಗೆ ಅನಿಸಿತು.

ಮರುದಿನ ಅವರು ಎಲ್ಲರಿಗೂ ನಲವತ್ತು ಪುಟದ ಒಂದೊಂದು ವಹಿ ತರಲು ಹೇಳಿದರು. ಹದಿನೈದು ದಿನ, ಮನೆಯಲ್ಲಿ ಯಾವ ಯಾವ ಕಾರಣಕ್ಕೆ ಬೈಸಿಕೊಂಡಿರೋ ಅಷ್ಟನ್ನೇ ಬರೆಯಬೇಕು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿಕ್ಷಕರ ಕೋಣೆಯಲ್ಲಂತೂ ನಗುವೋ ನಗು. ಬಿಡು ಎಂದರೂ ಬಿಡಲಾಗದ್ದಕ್ಕೇ ಮಕ್ಕಳು ಮತ್ತೆ ಮತ್ತೆ ಬೈಸಿಕೊಳ್ಳುತ್ತಾರೆ, ಅವರ ಆಸಕ್ತಿ ಇರುವುದು ಅಲ್ಲೇ ಎಂದು ಬಾಯಿ ಶಾಂತವಾಗಿ ವಿವರಿಸಿದರು. ಹೆಡ್‌ಮಾಸ್ಟರ್ ಬಾಳಕೃಷ್ಣ ಸರ್, ಮೊದಲು ಪೋರ್ಶನ್ ಮುಗಿಸಿ ಎಂದರು. ಬಾಯಿ ಪೋರ್ಶನ್ನೂ ಮುಗಿಸುತ್ತೇನೆಂದು ಮಾತು ಕೊಟ್ಟು ಶನಿವಾರದ ಕೊನೆಯ ಎರಡು ತಾಸು ಕಿತ್ತುಕೊಂಡರು.

ರೇಡಿಯೋ ಬಿಚ್ಚಿ ಬೈಸಿಕೊಂಡ ಮಹೇಶಕುಮಾರ ರಿಪೇರಿ ಅಂಗಡಿಗೆ ಹೋದ. ಬೀದಿನಾಯಿಯ ಹುಣ್ಣು ತೊಳೆದು ಬೈಸಿಕೊಂಡ ಶರ್ವರಿ ದನದ ಡಾಕ್ಟರ ಹತ್ತಿರ ಹೋದಳು. ಹೀಗೆ ಒಬ್ಬೊಬ್ಬರನ್ನೂ ನಾಲ್ಕು ನಾಲ್ಕು ಶನಿವಾರ ಆಯಾ ಕೆಲಸ ಬಲ್ಲವರ ಪಕ್ಕದಲ್ಲಿ ಕೂರಿಸಲು ಬಾಯಿ ತಮ್ಮ ಲೂನಾ ಮೇಲೆ ಅರ್ಧ ಪುಣೆ ಸುತ್ತಿದರು.

ನನಗೆ ಈ ಹೆಂಗಸಿನ ಮೇಲೆ ಭಾಳ ಅಭಿಮಾನ. ಇಂಥ ಕಥೆ ಬರೆಯುವವರು ಹೀಗೆಲ್ಲ ಬಾಯಿಬಿಟ್ಟು ಹೇಳಬಾರದಂತೆ, ವ್ಯಂಗ್ಯ ಇರಬೇಕಂತೆ. ಇರಲಿ ಬಿಡಿ, ವ್ಯಂಗ್ಯ ಮಾಡಿಸಿಕೊಳ್ಳಲು ನಾನೊಬ್ಬ ಇದ್ದೇನಲ್ಲ.

೩ (ಕೈಬಿಟ್ಟ ಭಾಗ)

ಇಲ್ಲಿ ಬಾಯಿಗೆ ಒಂದು ಫ್ಲ್ಯಾಶ್‌ಬ್ಯಾಕ್ ಬರೆದಿದ್ದೆ. ಹುಡುಗಿಯಾಗಿದ್ದಾಗ ಅವರಿಗೆ ಸಿತಾರ ಕಲಿಯುವ ಆಸೆ, ತಂದೆ ಬೇಡವೆಂದರು, ಆ ನೋವೇ ಇಷ್ಟಕ್ಕೆಲ್ಲ ಮೂಲ, ವಗೈರೆ. ಎರಡು ಪುಟ ಚೆನ್ನಾಗಿಯೇ ಅತ್ತಿದ್ದೆ. ಅದನ್ನು ಓದಿ ಬಾಯಿ ಕನ್ನಡಕ ತೆಗೆದಿಟ್ಟರು.

“ನನಗ ಶಿಕ್ಷಕಿನೇ ಆಗಬೇಕಾಗಿತ್ತು, ಆದೆ. ಅದನ್ನ ನಂಬಲಿಕ್ಕೆ ನಿಮಗ ಯಾಕ ಇಷ್ಟ ತ್ರಾಸ ಆಗತದ?”

ಎರಡೂ ಪುಟ ಹೋದವು.

೪

ಈಗ ಅನುಸೂಯಾ. ಯಾದಗಿರಿ ಕಡೆಯಿಂದ ಬಂದ ಅಂಬಣ್ಣ ಮತ್ತು ಶರಣಮ್ಮನ ಹಿರಿಮಗಳು. ಕೋಥರೂಡಿನಲ್ಲಿ ಏಳುತ್ತಿದ್ದ ಐದು ಮಾಳಿಗೆಯ ಕಟ್ಟಡದಲ್ಲಿ ಅಪ್ಪ ಗಾರೆ ಕೆಲಸ, ಅವ್ವ ಬುಟ್ಟಿ ಹೊರುವ ಕೆಲಸ. ಕಟ್ಟಡದ ಬುಡದಲ್ಲೇ ಒಂದು ತಗಡಿನ ಶೆಡ್ಡು, ಅದೇ ಮನೆ. ಶಾಲೆ ಬಿಟ್ಟ ಮೇಲೆ ಇಬ್ಬರು ತಮ್ಮಂದಿರು ಮತ್ತು ಅನ್ನದ ಗಡಿಗೆ ಈಕೆಯ ಪಾಲಿಗೆ.

ಆಕೆಯ ವಹಿಯಲ್ಲಿ ಹದಿನೈದು ದಿನದಲ್ಲಿ ಹನ್ನೊಂದು ದಿನ ಒಂದೇ ಸಾಲು: ‘ಗ್ವಾಡಿ ನೋಡಕೋತ ನಿಂತಿದ್ದಕ್ಕ ಅವ್ವ ಬೈದಳು.’

ನೀರಜಾ ಬಾಯಿ ಖುಷಿಯಾದರು. ಬರಿಗೋಡೆ ನೋಡುತ್ತ ನಿಲ್ಲುವ ಹುಡುಗಿ ಅದರ ಮೇಲೆ ಚಿತ್ರ ಕಲ್ಪಿಸಿಕೊಳ್ಳುತ್ತಾಳೆ, ಮತ್ತೇನು? ಫ್ಲ್ಯಾಟಿನಲ್ಲಿ ಇರುವವರಿಗೆ ಗೋಡೆ ಎಂದರೆ ಏನನ್ನಾದರೂ ತೂಗುಹಾಕುವ ಜಾಗ. ಅದು ತನ್ನಷ್ಟಕ್ಕೆ ನೋಡುವ ವಸ್ತು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಬೋರ್ಡು ಬರೆಯುವ ಪೇಂಟರ್ ಸುಂದರನ ಕಡೆಗೆ ಹುಡುಗಿಯನ್ನು ಕಳಿಸಿದರು.

ಮೂರನೆಯ ಶನಿವಾರ ಸುಂದರನೇ ಆಕೆಯನ್ನು ಕರೆದುಕೊಂಡು ಶಾಲೆಗೆ ಬಂದ. “ಬಾಯಾರ, ಈ ಹುಡುಗಿ ಬಣ್ಣದ ಕಡೆ ಹೊಳ್ಳಿ ಸುದ್ದಾ ನೋಡಂಗಿಲ್ರಿ. ಅಕ್ಷರ ನೆಟ್ಟಗ ಅದಾವ, ಗ್ವಾಡಿನ ವಾಲ್ಯದ ಅಂದಳು. ಅಳದ ನೋಡಿದೆ. ಖರೇನ ವಾಲ್ಯದ.”

೫

ನನ್ನ ನಾಯಕಿ ತಪ್ಪು ಮಾಡುವುದು ನನಗೆ ಇಷ್ಟವಿರಲಿಲ್ಲ. ಪೇಂಟರನನ್ನು ಕಥೆಯಿಂದ ತೆಗೆದುಹಾಕಲು ಹೊರಟಿದ್ದೆ, ನೀರಜಾ ಬಾಯಿ ಒಪ್ಪಲಿಲ್ಲ. ಸೋಮವಾರ ಇಡೀ ವರ್ಗದ ಮುಂದೆ ನಿಂತು, ‘ನಾನು ಅನುಸೂಯಾಳ ವಹಿ ತಪ್ಪು ಓದಿದೆ’ ಎಂದು ಹೇಳಿಬಿಟ್ಟರು. ಶಿಕ್ಷಕಿಯೊಬ್ಬರು ಹಾಗೆ ಹೇಳಿದ್ದನ್ನು ಆ ಮಕ್ಕಳು ಕೇಳಿದ್ದು ಅದೇ ಮೊದಲು.

ಅಂದೇ ಸಂಜೆ ಅವರು ಕಟ್ಟಡಕ್ಕೆ ಹೋದರು. ಅಂಬಣ್ಣ ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಗೋಡೆಗೆ ಹಿಡಿದಿದ್ದ, ಆಚೆ ತುದಿ ಮಗಳ ಕೈಯಲ್ಲಿತ್ತು. ಎರಡೂ ಕಡೆ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು, ಗೋಡೆ ಮಟ್ಟಸವಾಗಿ ಏಳುವುದು ಹಾಗೆ. ಹುಡುಗಿ ಉಸಿರು ಬಿಗಿಹಿಡಿದು ನೀರು ನಿಲ್ಲುವುದನ್ನೇ ಕಾಯುತ್ತಿದ್ದಳು. ಶೆಡ್ಡಿನಿಂದ ಶರಣಮ್ಮ ಅನ್ನ ಸೀಯುತ್ತಿದೆ ಎಂದು ಬೈಯುತ್ತಿದ್ದಳು. ಬಾಯಿ ಹುಡುಗಿಯನ್ನೇ ನೋಡಿದರು, ಅವರ ಕಣ್ಣು ತುಂಬಿದವು.

ಬೆಳಗಾವಿಯಿಂದ ಬಂದು ಪುಣೆಯಲ್ಲಿದ್ದ ಮಧ್ವೇಶ ಬಾಯಿಯ ಪರಿಚಯದವರು, ರಸ್ತೆ ಹಾಕುವ ಮುನ್ನ ನೆಲದ ಏರುತಗ್ಗು ಅಳೆಯುವ ಸರ್ವೇಯರ್. ಮುಂದಿನ ಶನಿವಾರದಿಂದ ಅನುಸೂಯಾ ಮಧ್ವೇಶರ ಹಿಂದೆ ಹೋದಳು, ನಾಲ್ಕು ವಾರ ಮುಗಿದ ಮೇಲೂ ಹೋಗುತ್ತಲೇ ಇದ್ದಳು.

೬

ದೀಪಾವಳಿ ರಜೆ ಮುಗಿಯುವಷ್ಟರಲ್ಲಿ ಕಟ್ಟಡವೂ ಮುಗಿಯಿತು. ಗುತ್ತಿಗೆದಾರ ಎಲ್ಲರನ್ನೂ ಪುಣೆಯಿಂದ ಮೂವತ್ತೈದು ಕಿಲೋಮೀಟರ್ ಆಚೆಯ ತಳೇಗಾಂವದಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಸಾಗಿಸುವವನಿದ್ದ. ಒಂದು ಗುರುವಾರ ಅಂಬಣ್ಣ ಟಿ.ಸಿ. ಕೇಳಲು ಬಂದ. ಅಲ್ಲಿ ಕನ್ನಡ ಶಾಲೆ ಇಲ್ಲ, ಗಂಡಹೆಂಡತಿ ಇಬ್ಬರೂ ದುಡಿಯಬೇಕು, ಸಣ್ಣವರನ್ನು ನೋಡಿಕೊಳ್ಳಲು ಒಬ್ಬರು ಬೇಕು, ಎಂಟನೆಯ ವರ್ಗದವರೆಗೆ ಬಂದಿದ್ದೇ ಹೆಚ್ಚು ಎಂದ. ಅವನು ಕೆಟ್ಟವನಲ್ಲ. ನೆಲ ನೋಡುತ್ತಲೇ ಹೇಳಿದ.

ಇಲ್ಲಿ ಬಾಯಿಗಾಗಿ ಒಂದು ಭರ್ಜರಿ ಭಾಷಣ ತಯಾರಿಟ್ಟಿದ್ದೆ. ಅವರು ಅದನ್ನು ಮುಟ್ಟಲೂ ಇಲ್ಲ. ಗುಮಾಸ್ತರು ರಜೆ, ಟಿ.ಸಿ. ಸೋಮವಾರ ಸಿಗುತ್ತದೆ, ಶನಿವಾರ ಬಂದು ಮಗಳ ಕೆಲಸ ಒಮ್ಮೆ ನೋಡಿ ಎಂದರು ಅಷ್ಟೇ. (ಗುಮಾಸ್ತ ಮಧುಕರ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಬಾಯಿ ಸುಳ್ಳು ಹೇಳಿದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.)

೭

ಶನಿವಾರ, ಪುಣೆಯ ಅಂಚಿನ ವಾರಜೆಯ ಆಚೆ, ರಸ್ತೆ ಬರಲಿರುವ ಬಯಲು. ಮಧ್ವೇಶರು ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ಅಂಬಣ್ಣನ ಕೈಗೆ ಕೊಟ್ಟು ಎಂಬತ್ತು ಹೆಜ್ಜೆ ದೂರ ನಿಲ್ಲಿಸಿದರು. ಈಚೆ ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ, ಅದರ ದುರ್ಬೀನಿಗೆ ಕಣ್ಣಿಟ್ಟು ಅನುಸೂಯಾ. ಹಳೆಯ ಯಂತ್ರ, ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅಪ್ಪ ಆಕಾಶಕ್ಕೆ ಕಾಲೂರಿ ನಿಂತಿದ್ದ. ಆಕೆ ನಗಲಿಲ್ಲ, ಕೆಲಸ ಇತ್ತು.

“ಯಪ್ಪಾ, ಪಟ್ಟಿ ನಿನ್ನ ಎಡಕ್ಕ ವಾಲ್ಯದ. ನೆಟ್ಟಗ ಹಿಡಿ.”

ಯಂತ್ರದಲ್ಲಿ ಎಡಬಲವೂ ಅದಲುಬದಲು, ಅದನ್ನೂ ಲೆಕ್ಕ ಹಿಡಿದೇ ಹೇಳಿದ್ದಳು. ಹದಿನೆಂಟು ವರ್ಷ ಗಾರೆ ಕೆಲಸ ಮಾಡಿದ ಅಂಬಣ್ಣ ಪಟ್ಟಿ ನೋಡಿದ, ಸರಿಪಡಿಸಿದ. ಆಕೆ ಅಂಕಿ ಕೂಗಿದಳು. ಮಧ್ವೇಶರು ತಾವೂ ಇಣುಕಿ ನೋಡಿ ಅದೇ ಅಂಕಿ ಬರೆದುಕೊಂಡರು. ನಂತರ ಅಂಬಣ್ಣ ಅಷ್ಟು ದೂರ ನಡೆದು ಬಂದು, ತಾನೂ ಒಮ್ಮೆ ನೋಡಬಹುದೇ ಎಂದು ಕೇಳಿದ. ಕೇಳಿದ್ದು ಮಧ್ವೇಶರನ್ನಲ್ಲ, ಮಗಳನ್ನು.

೮ (ಎರಡು ಅಂತ್ಯಗಳು, ಎರಡೂ ವಾಪಸ್ಸು)

ಒಂದನೆಯದು: ೨೦೦೭, ತಳೇಗಾಂವ. ಬಿಳಿ ಹೆಲ್ಮೆಟ್ ಹಾಕಿದ ಅನುಸೂಯಾ ಜೀಪಿನಿಂದ ಇಳಿಯುತ್ತಾಳೆ, ಅದೇ ಗುತ್ತಿಗೆದಾರ ಕೈ ಮುಗಿಯುತ್ತಾನೆ. ನೀವು ಚಪ್ಪಾಳೆ ತಟ್ಟುತ್ತೀರಿ.

ಎರಡನೆಯದು: ಹಾಜರಿ ಕರೆಯುವಾಗ ಆಕೆಯ ಹೆಸರಿಗೆ ಯಾರೂ ಓಗೊಡುವುದಿಲ್ಲ. ವಿಮರ್ಶಕರು ತಲೆದೂಗುತ್ತಾರೆ.

ಎರಡನೆಯದನ್ನು ಓದಿದ ನೀರಜಾ ಬಾಯಿಗೆ ಖರೇನೇ ಸಿಟ್ಟು ಬಂತು. “ನಿಮ್ಮ ಕಥಿ ಚಂದ ಆಗಲಿ ಅಂತ ಅಕಿನ್ನ ಶಾಲಿ ಬಿಡಸ್ತೀರೇನು?” ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಸುಮ್ಮನೆ ಹೇಳುತ್ತಿಲ್ಲ, ಆಯಿತು.

ಮೊದಲನೆಯದನ್ನು ಅನುಸೂಯಾಗೇ ತೋರಿಸಿದೆ. ಜೀಪು ಆಕೆಗೆ ಹಿಡಿಸಿತು, ಉಳಿದದ್ದು ಹಿಡಿಸಲಿಲ್ಲ. “ನನಗ ಇನ್ನಾ ಹದಿಮೂರು ನೋಡ್ರಿ. ನಾಳಿಗಿ ಮತ್ತೇನರ ಛಲೋ ಅನಸಿದರ ಏನ ಮಾಡ್ಲಿ?”

ಎರಡನ್ನೂ ವಾಪಸ್ಸು ತೆಗೆದುಕೊಂಡೆ.

೯

ಸೋಮವಾರದ ಒಂದಿಷ್ಟು ಮಾತ್ರ ನನ್ನ ಕೈಯಲ್ಲಿದೆ. ಹೆಡ್‌ಮಾಸ್ಟರರ ಕೋಣೆ. ಮೇಜಿನ ಮೇಲೆ ಟಿ.ಸಿ., ಸಹಿ, ಠಸ್ಸೆ ಎಲ್ಲ ಆಗಿ ತಯಾರು. ಅಂಬಣ್ಣ ಬಂದ, ಹಿಂದೆ ಶರಣಮ್ಮ. ನೀರಜಾ ಬಾಯಿ ಕಿಟಕಿ ಹಿಡಿದು ನಿಂತಿದ್ದಾರೆ, ಈ ಸಲ ಯಾವ ನೆಪವೂ ಉಳಿದಿಲ್ಲ. ಅಂಬಣ್ಣ ಕಾಗದ ಕೈಗೆತ್ತಿಕೊಂಡ, ಓದಲು ಬಾರದಿದ್ದರೂ ಸ್ವಲ್ಪ ಹೊತ್ತು ನೋಡಿದ, ಮೇಜಿನ ಮೇಲೆಯೇ ಇಟ್ಟ. ಹೆಂಡತಿಯ ಮುಖ ನೋಡಿದ. ಆಕೆ ತಲೆ ಅಲ್ಲಾಡಿಸಿದಳು, ಹೌದೆಂದೋ ಅಲ್ಲವೆಂದೋ ನನಗೆ ಕಾಣಲಿಲ್ಲ.

“ಬಾಯಾರ, ತಳೇಗಾಂವದಿಂದ ಮುಂಜಾನಿ ಲೋಕಲ್ ಗಾಡಿ ಎಷ್ಟಕ್ಕ ಅದ್ರಿ?”

ಬಾಯಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ಆ ಗಾಡಿ ಶಾಲೆಯ ಗಂಟೆಗೆ ಮುಂಚೆ ಪುಣೆ ಮುಟ್ಟುತ್ತದೋ ಇಲ್ಲವೋ, ಸಣ್ಣವರನ್ನು ಯಾರು ನೋಡಿಕೊಳ್ಳುತ್ತಾರೋ, ಒಂದೂ ಗೊತ್ತಿಲ್ಲ. ಬಾಳಕೃಷ್ಣ ಸರ್ ಎದ್ದು ಕಪಾಟು ತೆಗೆದು, ಹಳೆಯ ರೈಲ್ವೆ ಟೈಮ್‌ಟೇಬಲ್ ಧೂಳು ಝಾಡಿಸಿ, ಕನ್ನಡಕ ಏರಿಸಿಕೊಂಡು ಹುಡುಕುತ್ತಿದ್ದಾರೆ. ಅವರ ಬೆರಳು ಲೋಣಾವಳದಿಂದ ಒಂದೊಂದೇ ಸ್ಟೇಶನ್ ಇಳಿಯುತ್ತಿದೆ, ಉಳಿದ ಮೂವರೂ ಮೇಜಿನ ಮೇಲೆ ಬಗ್ಗಿ ಅದನ್ನೇ ನೋಡುತ್ತಿದ್ದಾರೆ. ಅವರನ್ನು ಅಲ್ಲಿಂದ ಏಳಿಸಲು ನನಗೆ ಮನಸ್ಸಿಲ್ಲ.